ಮಗುವಿನ ತಲೆಯ ಹೇನೂ ಶ್ರಾವಕನ ಧರ್ಮವೂ

ಅಹಿಂಸೆಯೇ ಪರಮಧರ್ಮವೆಂಬ ಮಾತನ್ನು ಜೈನ ಮನೆತನದಲ್ಲಿ ಹುಟ್ಟಿದ ಮಗು ತೊಟ್ಟಿಲಿನಲ್ಲಿಯೇ ಕೇಳುತ್ತದೆ. ಆ ಮಗು ಬೆಳೆದು ಶಾಲೆಗೆ ಹೋಗತೊಡಗಿದ ಕೆಲವೇ ತಿಂಗಳುಗಳಲ್ಲಿ ಮನೆಯವರು ನಂಬಿದ ಅಹಿಂಸೆಗೆ ಒಂದು ಪರೀಕ್ಷೆ ಒದಗುತ್ತದೆ. ಎಳ್ಳುಕಾಳಿನಷ್ಟು ಗಾತ್ರದ ಹೇನು ಆ ಪರೀಕ್ಷೆಯನ್ನು ತಂದೊಡ್ಡುತ್ತದೆ. ವಿಷಯ ಕ್ಷುದ್ರವೆಂದು ಪಂಡಿತರು ಅದರ ಬಗ್ಗೆ ಮಾತನಾಡುವುದಿಲ್ಲ. ಸಭೆಗಳಲ್ಲಿ ಅದು ಚರ್ಚೆಗೆ ಬರುವುದಿಲ್ಲ. ಆದರೆ ಚಾಮರಾಜನಗರದ ಪೇಟೆಬೀದಿಯಲ್ಲಾಗಲಿ ಗುಂಡ್ಲುಪೇಟೆಯ ಅಂಗಡಿ ಸಾಲಿನ ಹಿಂದಿನ ಮನೆಗಳಲ್ಲಾಗಲಿ, ಹೆಣ್ಣುಮಕ್ಕಳಿರುವ ತಾಯಂದಿರಿಗೆ ಇದು ಕ್ಷುದ್ರ ವಿಷಯವಲ್ಲ.

ಈ ಪರೀಕ್ಷೆಯನ್ನು ಸಮಾಜ ಎದುರಿಸುವ ರೀತಿ ಮೂರು ತೆರನಾಗಿದೆ. ಮೊದಲನೆಯವರು, ಹೇನೂ ಒಂದು ಜೀವ, ಅದನ್ನು ಮುಟ್ಟಿದರೆ ಪಾಪ ಎಂದು ಕೈಕಟ್ಟಿ ಕೂರುತ್ತಾರೆ. ಎರಡನೆಯವರು ಸಿಕ್ಕಿದ ವಿಷವನ್ನು ತಂದು ಮಗುವಿನ ನೆತ್ತಿಗೆ ಸುರಿಯುತ್ತಾರೆ. ಮೂರನೆಯವರು, ಇದು ಹಾಸ್ಟೆಲಿನ ಮಕ್ಕಳಿಂದ, ಹಾಡಿಯ ಮಕ್ಕಳಿಂದ ಬಂದದ್ದೆಂದು ನಿರ್ಣಯಿಸಿ, ಅವರನ್ನು ಬೇರೆ ಬೆಂಚಿನಲ್ಲಿ ಕೂರಿಸಬೇಕೆಂದು ಶಾಲೆಯವರಲ್ಲಿ ಒತ್ತಾಯಿಸುತ್ತಾರೆ. ಈ ಮೂರೂ ಹಿಂಸೆಯೇ. ಮೂರರಲ್ಲಿ ಮೊದಲನೆಯದು ಧರ್ಮದ ವೇಷ ಧರಿಸಿ ಬರುವುದರಿಂದ ಅದನ್ನೇ ಮೊದಲು ವಿಚಾರಿಸಬೇಕಾಗಿದೆ.

ಶಾಸ್ತ್ರ ಹೇಳುವುದೇನು?

ಹೇನು ಜೀವವಲ್ಲವೆಂದು ಯಾವ ಜೈನನೂ ಹೇಳಲಾರನು. ಸ್ಪರ್ಶನ, ರಸನ, ಘ್ರಾಣ ಎಂಬ ಮೂರು ಇಂದ್ರಿಯಗಳುಳ್ಳ ತ್ರಸಜೀವಗಳ ಸಾಲಿನಲ್ಲಿ ಇರುವೆ, ತಗಣೆಗಳೊಡನೆ ಹೇನನ್ನೂ ಆಚಾರ್ಯರು ಎಣಿಸಿದ್ದಾರೆ. ಅದಕ್ಕೂ ನೋವಿದೆ, ಬದುಕುವ ಆಸೆಯಿದೆ. ಈ ಮಾತನ್ನು ಕಿಂಚಿತ್ತೂ ಸಡಿಲಿಸುವ ಅಗತ್ಯವಿಲ್ಲ.

ಆದರೆ ಅದೇ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಕೇವಲ ಪ್ರಾಣ ಹೋಯಿತೇ ಎಂದು ಕೇಳಲಿಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಯೋಗದಿಂದ ಪ್ರಾಣಘಾತವಾದರೆ ಅದು ಹಿಂಸೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ನಿರ್ಣಯ. ರಾಗದ್ವೇಷಗಳ ಉತ್ಪತ್ತಿಯೇ ಹಿಂಸೆಯ ಮೂಲವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತರಿಸಿದ್ದಾರೆ. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಅಡುಗೆ, ಸ್ನಾನ, ಮನೆಯ ಶುದ್ಧಿ, ಮಕ್ಕಳ ಪಾಲನೆ ಇವುಗಳಲ್ಲಿ ಅನಿವಾರ್ಯವಾಗಿ ಒದಗುವ ಆರಂಭೀ ಹಿಂಸೆಯನ್ನು ಆತನು ಯತ್ನಾಚಾರದಿಂದ ಕಡಿಮೆ ಮಾಡಬೇಕು, ಆದದ್ದಕ್ಕೆ ಪ್ರತಿಕ್ರಮಣ ಮಾಡಬೇಕು. ಮಗುವಿನ ತಲೆಯನ್ನು ಶುದ್ಧವಾಗಿಡುವುದು ಈ ಆರಂಭದ ಕ್ಷೇತ್ರಕ್ಕೆ ಸೇರಿದ ಕಾರ್ಯ. ಸಿಟ್ಟಿನಿಂದ ಹೇನನ್ನು ಉಗುರಿನ ಮೇಲಿಟ್ಟು ಕುಕ್ಕಿ ಸಂತೋಷಪಡುವವಳಿಗೂ, ಮಗುವಿನ ಬಾಧೆ ಕಳೆಯಲೆಂದು ತಲೆ ಬಾಚುವ ತಾಯಿಗೂ ಭೇದವಿಲ್ಲವೆನ್ನುವವರು ಶಾಸ್ತ್ರದ ಅರ್ಧವನ್ನು ಮಾತ್ರ ಓದಿದ್ದಾರೆ.

ಕೈಕಟ್ಟಿ ಕೂರುವವರು ಇನ್ನೊಂದು ಮಾತನ್ನು ಮುಂದಿಡುವುದುಂಟು: ಮುನಿಗಳು ಸೊಳ್ಳೆ ನೊಣಗಳ ಕಡಿತವನ್ನು ಸಹಿಸುವುದಿಲ್ಲವೇ? ಸಹಿಸುತ್ತಾರೆ, ನಿಜ. ಇಪ್ಪತ್ತೆರಡು ಪರೀಷಹಗಳಲ್ಲಿ ದಂಶಮಶಕವೂ ಒಂದು. ಆದರೆ ಪರೀಷಹಜಯವೆಂದರೆ ತನ್ನ ದೇಹಕ್ಕೆ ಬಂದ ಬಾಧೆಯನ್ನು ತಾನು ಸಹಿಸುವುದೇ ಹೊರತು ಬೇರೊಬ್ಬರಿಂದ ಸಹಿಸಿಸುವುದಲ್ಲ. ವಯಸ್ಸಾದ ಅಜ್ಜನು ತನ್ನ ಪುಣ್ಯಕ್ಕಾಗಿ ಎಂಟು ವರ್ಷದ ಮೊಮ್ಮಗಳಿಂದ ರಾತ್ರಿಯೆಲ್ಲ ತಲೆ ಕೆರೆಸುವುದು ಯಾವ ವ್ರತ? ಮೇಲಾಗಿ, ಮುನಿಗಳು ತಲೆಯಲ್ಲಿ ಹೇನು ಸಾಕಿಕೊಳ್ಳುವುದಿಲ್ಲ. ಎರಡು, ಮೂರು ಅಥವಾ ನಾಲ್ಕು ತಿಂಗಳಿಗೊಮ್ಮೆ ಅವರು ಕೇಶಲೋಚ ಮಾಡಿಕೊಳ್ಳುವುದಕ್ಕೆ ಇರುವ ಕಾರಣಗಳಲ್ಲಿ, ಕೂದಲಿನಲ್ಲಿ ಜೀವೋತ್ಪತ್ತಿಯಾಗಿ ಅವುಗಳಿಗೆ ಬಾಧೆಯಾಗದಿರಲಿ ಎಂಬುದೂ ಒಂದು. ಹುಟ್ಟಿದ ಮೇಲೆ ಏನು ಮಾಡಬೇಕೆಂದು ಚಿಂತಿಸುವುದಕ್ಕಿಂತ ಹುಟ್ಟಲು ಅವಕಾಶ ಕೊಡದಿರುವುದೇ ಮುನಿಮಾರ್ಗ. ಆ ಮಾರ್ಗದ ಗೃಹಸ್ಥರೂಪವೇ ದಿನದಿನದ ಬಾಚಣಿಕೆ.

ಯೂಕಾವಿಹಾರದ ಕಥೆ

ಇಂತಹ ಚರ್ಚೆಯಲ್ಲಿ ಗುಜರಾತಿನ ಕುಮಾರಪಾಲನ ಹೆಸರು ಬಂದೇ ಬರುತ್ತದೆ. ಹನ್ನೆರಡನೆಯ ಶತಮಾನದ ಆ ಅರಸನು ಒಂದು ಹೇನನ್ನು ಒರೆಸಿ ಕೊಂದ ಧನಿಕ ವರ್ತಕನ ಆಸ್ತಿಯನ್ನು ಮುಟ್ಟುಗೋಲು ಹಾಕಿ, ಆ ಹಣದಿಂದ ಯೂಕಾವಿಹಾರವೆಂಬ ಬಸದಿಯನ್ನು ಕಟ್ಟಿಸಿದನೆಂದು ಮೇರುತುಂಗಾಚಾರ್ಯರ ಪ್ರಬಂಧಚಿಂತಾಮಣಿ ಹೇಳುತ್ತದೆ. ಯೂಕವೆಂದರೆ ಹೇನು. ಗ್ರಂಥ ರಚಿತವಾದದ್ದು 1305ರ ಸುಮಾರಿಗೆ, ಅರಸನ ಕಾಲಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ತರುವಾಯ. ಕಥೆಯ ತಾತ್ಪರ್ಯವನ್ನು ಗೌರವಿಸಬೇಕು: ಅತಿ ಸಣ್ಣ ಜೀವವನ್ನೂ ತಿರಸ್ಕಾರದಿಂದ ಕೊಲ್ಲಬಾರದು, ಹಣವಿದೆಯೆಂಬ ಮದದಿಂದ ಯಾರೂ ಧರ್ಮಕ್ಕಿಂತ ಮೇಲಲ್ಲ. ಆದರೆ ಈ ಕಥೆಯನ್ನು ಹೇಳಿ ಹಣಿಗೆ ಹಿಡಿದ ತಾಯಿಯನ್ನು ಗದರಿಸುವವರು ಒಂದು ಅಂಶವನ್ನು ಮರೆಯುತ್ತಾರೆ. ಕಥೆಯಲ್ಲಿ ದಂಡನೆಗೆ ಒಳಗಾದವನು ಧನಿಕನಾದ ವರ್ತಕ. ಮಗುವಿನ ಬಾಧೆಗೆ ಮರುಗಿದ ತಾಯಿಯಲ್ಲ.

ಬದುಕಿಸಿದೆವೆಂಬ ಭ್ರಮೆ

ಕೆಲವು ಮನೆಗಳಲ್ಲಿ ಒಂದು ಮಧ್ಯಮಾರ್ಗವನ್ನು ಕಂಡುಕೊಂಡಿದ್ದಾರೆ. ತಲೆ ನೋಡಿ ತೆಗೆದ ಹೇನನ್ನು ಕೊಲ್ಲದೆ ಹಿತ್ತಲಿನ ಗಿಡದ ಬುಡದಲ್ಲಿ ಬಿಡುವುದು, ಇಲ್ಲವೆ ಬಟ್ಟೆಯ ಚೂರಿನಲ್ಲಿಟ್ಟು ಮೂಲೆಗಿಡುವುದು. ಮನಸ್ಸಿಗೆ ಇದರಿಂದ ಸಮಾಧಾನ ದೊರೆಯುತ್ತದೆ. ಹೇನಿಗೆ ಏನೂ ದೊರೆಯುವುದಿಲ್ಲ. ತಲೆಯ ಹೇನು ಮನುಷ್ಯನ ನೆತ್ತಿಯ ಶಾಖದಲ್ಲಿ, ಮನುಷ್ಯನ ರಕ್ತವನ್ನೇ ಕುಡಿದು ಬದುಕುವ ಜೀವ. ಹಸುವಿನ ಮೈಮೇಲೆ, ನಾಯಿಯ ಮೈಮೇಲೆ ಅದು ಬಾಳಲಾರದು. ತಲೆಯಿಂದ ಬೇರೆಯಾದ ಹೇನು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಆಹಾರವಿಲ್ಲದೆ ಸಾಯುತ್ತದೆ. ಗಿಡದ ಬುಡದಲ್ಲಿ ಬಿಟ್ಟವರು ಕೊಂದಿಲ್ಲವೆಂದುಕೊಳ್ಳುವುದು, ಸಾಲಗಾರನ ಹೆಸರನ್ನು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಬರೆದು ಸಾಲ ತೀರಿತೆಂದುಕೊಂಡಂತೆ. ಹಿಂಸೆಯಾಗಿದ್ದರೆ ಆಗಿದೆಯೆಂದು ಒಪ್ಪಿ ಪ್ರತಿಕ್ರಮಣ ಮಾಡುವುದು ಸತ್ಯವ್ರತಕ್ಕೂ ಹತ್ತಿರ, ಅಹಿಂಸಾವ್ರತಕ್ಕೂ ಹತ್ತಿರ.

ಇನ್ನು ಏನೂ ಮಾಡದೆ ಬಿಡುವವರ ಲೆಕ್ಕವನ್ನು ನೋಡಬೇಕು. ಬೆಳೆದ ಹೆಣ್ಣುಹೇನು ಸುಮಾರು ಒಂದು ತಿಂಗಳು ಬದುಕುತ್ತದೆ. ದಿನಕ್ಕೆ ಎಂಟರವರೆಗೂ ಮೊಟ್ಟೆಯಿಡಬಲ್ಲದು. ಆ ಮೊಟ್ಟೆಯೇ ಸೀರು. ಅದು ಒಡೆದು ಮರಿಯಾಗಲು ಏಳರಿಂದ ಒಂಬತ್ತು ದಿನ; ಮರಿಯು ಬೆಳೆದು ತಾನೂ ಮೊಟ್ಟೆಯಿಡುವಂತಾಗಲು ಮತ್ತೆ ಒಂಬತ್ತರಿಂದ ಹನ್ನೆರಡು ದಿನ. ದಿನಕ್ಕೆ ಐದೇ ಎಂದು ಹಿಡಿದರೂ ಹತ್ತು ದಿನ ತಡಮಾಡಿದರೆ ಒಂದು ಹೇನಿನಿಂದ 50 ಸೀರು. ಎಲ್ಲವೂ ಬದುಕಿ ಬೆಳೆಯುವುದಿಲ್ಲವೆಂಬುದು ನಿಜ. ಆದರೂ ಚಕ್ರಬಡ್ಡಿ ಯಾವ ದಿಕ್ಕಿಗೆ ಓಡುತ್ತದೆಂಬುದನ್ನು ವ್ಯಾಪಾರಿಗಳ ಸಮಾಜಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇಂದು ಎರಡು ಹೇನನ್ನು ತೆಗೆಯಲು ಹಿಂಜರಿದ ಮನೆ, ಮುಂದಿನ ತಿಂಗಳು ಮಗುವಿನ ಅಳುವನ್ನು ತಡೆಯಲಾರದೆ ಹತ್ತಾರು ಹೇನುಗಳನ್ನೂ ನೂರಾರು ಸೀರುಗಳನ್ನೂ ಒಮ್ಮೆಗೇ ನಾಶಮಾಡುತ್ತದೆ. ಉಪೇಕ್ಷೆಯಿಂದ ಹಿಂಸೆ ತಪ್ಪುವುದಿಲ್ಲ, ಮುಂದಕ್ಕೆ ಹೋಗಿ ದೊಡ್ಡದಾಗುತ್ತದೆ. ಅಷ್ಟರೊಳಗೆ ಕೆರೆದು ಕೆರೆದು ನೆತ್ತಿ ಹುಣ್ಣಾಗಿ, ಅದರಲ್ಲಿ ಕೀವು ಸೇರಿ, ನಿದ್ರೆಗೆಟ್ಟು, ಪಾಠದಲ್ಲಿ ಮನಸ್ಸು ನಿಲ್ಲದೆ ಮಗು ಬಳಲಿರುತ್ತದೆ.

ವಿಷದ ದಾರಿ

ಎರಡನೆಯ ಗುಂಪಿನವರ ಅವಸರವೂ ಅಷ್ಟೇ ಭಯಂಕರವಾದುದು. ಸೀಮೆಎಣ್ಣೆ ಹಚ್ಚಿದ ತಲೆ ಒಲೆಯ ಬಳಿ, ದೀಪದ ಬಳಿ ಹೊತ್ತಿಕೊಳ್ಳಬಹುದು. ಗುಂಡ್ಲುಪೇಟೆ ಸೀಮೆಯಂತಹ ಬೇಸಾಯದ ನಾಡಿನಲ್ಲಿ ಹೊಲಕ್ಕೆಂದು ತಂದ ಕೀಟನಾಶಕದ ಡಬ್ಬಿ ಮನೆಯಲ್ಲಿಯೇ ಇರುತ್ತದೆ. ಅದನ್ನು ನೀರಿಗೆ ಬೆರೆಸಿ ತಲೆಗೆ ಹಚ್ಚಿದರೆ ವಿಷವು ನೆತ್ತಿಯ ಚರ್ಮದ ಮೂಲಕ ಮೈಗೆ ಸೇರಿ ಮಗುವಿನ ಪ್ರಾಣಕ್ಕೇ ಕುತ್ತಾಗಬಲ್ಲದು. ಸೀತಾಫಲದ ಬೀಜದ ಪುಡಿಯನ್ನು ನಿರಪಾಯಕಾರಿ ಮನೆಮದ್ದೆಂದು ತಿಳಿದವರು ಬಹಳ. ಆ ಪುಡಿ ಕಣ್ಣಿಗೆ ಬಿದ್ದು ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಟ್ಟಂತಾಗಿ ಆಸ್ಪತ್ರೆಗೆ ಬಂದವರ ವಿಷಯವನ್ನು ಭಾರತದ ನೇತ್ರವೈದ್ಯರು ದಾಖಲಿಸಿದ್ದಾರೆ. ಗಿಡದಿಂದ ಬಂದದ್ದೆಲ್ಲ ಸೌಮ್ಯವೆಂಬ ನಂಬಿಕೆಗೆ ಆಧಾರವಿಲ್ಲ.

ವೈದ್ಯರೇ ಬರೆದುಕೊಡುತ್ತಿದ್ದ ಔಷಧಗಳ ಚರಿತ್ರೆಯೂ ಎಚ್ಚರಿಕೆಯ ಪಾಠವಾಗಿದೆ. ಹೇನಿಗೆಂದು ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಲಿಂಡೇನ್ ನರಮಂಡಲಕ್ಕೆ ಹಾನಿಕಾರಕವೆಂದು ತಿಳಿದು, ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2002ರಲ್ಲಿ ಅದನ್ನು ಚಿಕಿತ್ಸೆಗೆ ಬಳಸುವುದನ್ನು ನಿಲ್ಲಿಸಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಈಗ ವೈದ್ಯರು ಸಾಮಾನ್ಯವಾಗಿ ಹೇಳುವ ಶೇಕಡಾ 1ರ ಪರ್ಮೆಥ್ರಿನ್ ದ್ರಾವಣವು ಸರಿಯಾಗಿ ಬಳಸಿದರೆ ಮಗುವಿಗೆ ಅಪಾಯ ಕಡಿಮೆಯಾದುದು. ಆದರೆ ಅದು ಸೀರುಗಳನ್ನು ಪೂರ್ಣವಾಗಿ ನಾಶಮಾಡದ ಕಾರಣ ಏಳರಿಂದ ಹತ್ತು ದಿನಗಳ ತರುವಾಯ ಮತ್ತೊಮ್ಮೆ ಹಚ್ಚಬೇಕಾಗುತ್ತದೆ. ಜಗತ್ತಿನ ಅನೇಕ ಕಡೆ ಹೇನುಗಳು ಅದಕ್ಕೆ ಬಗ್ಗದಂತಾಗಿವೆ.

ಜೈನರು ಔಷಧದ ವಿರೋಧಿಗಳಲ್ಲ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೂ, ವಿಷವೈದ್ಯವನ್ನೇ ವಸ್ತುವಾಗಿಸಿಕೊಂಡ ಮಂಗರಾಜ ಕವಿಯ ಕನ್ನಡ ಕೃತಿ ಖಗೇಂದ್ರಮಣಿದರ್ಪಣವೂ ಈ ಪರಂಪರೆಯ ಆಸ್ತಿಗಳು. ವಿಷವನ್ನು ಅರಿತು ಅದರಿಂದ ಜನರನ್ನು ಕಾಪಾಡಲು ಗ್ರಂಥ ಬರೆದವರ ವಂಶಜರು ವಿಷವನ್ನು ಅರಿಯದೆ ಮಗುವಿನ ತಲೆಗೆ ಸುರಿಯುವುದು ಶೋಭೆಯಲ್ಲ.

ಹಣಿಗೆಯ ದಾರಿ

ಎರಡು ಅತಿಗಳ ನಡುವೆ ಅಜ್ಜಿಯರ ಕಾಲದ ಒಂದು ಸಾಧನವಿದೆ: ಒತ್ತುಹಲ್ಲಿನ ಹಣಿಗೆ, ಹಳಬರ ಮಾತಿನಲ್ಲಿ ಸೀರಣಿಗೆ. ಇದರ ಪ್ರಾಚೀನತೆ ಸಾಮಾನ್ಯದ್ದಲ್ಲ. ಇಸ್ರೇಲಿನ ಲಾಖೀಶ್ ಎಂಬಲ್ಲಿ 2016ರಲ್ಲಿ ದೊರೆತ, ಸುಮಾರು 3,700 ವರ್ಷ ಹಳೆಯದೆಂದು ಹೇಳಲಾದ ದಂತದ ಹಣಿಗೆಯೊಂದರ ಮೇಲಿನ ಬರಹವನ್ನು ವಿದ್ವಾಂಸರು 2022ರಲ್ಲಿ ಓದಿದರು. ತಲೆ ಗಡ್ಡಗಳ ಹೇನನ್ನು ಇದು ತೊಲಗಿಸಲಿ ಎಂಬ ಹಾರೈಕೆಯೇ ಆ ಬರಹದ ಅರ್ಥ.

ಹಣಿಗೆ ಕೆಲಸ ಮಾಡುವ ಬಗೆಯನ್ನು ತಿಳಿದರೆ ಅದರ ಮೇಲೆ ವಿಶ್ವಾಸ ಮೂಡುತ್ತದೆ. ತಲೆಯನ್ನು ಒದ್ದೆಮಾಡಿ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಮೊದಲು ಸಾಧಾರಣ ಹಣಿಗೆಯಿಂದ ಸಿಕ್ಕು ಬಿಡಿಸಬೇಕು. ಬಳಿಕ ಕೂದಲನ್ನು ಎಸಳು ಎಸಳಾಗಿ ಬೇರ್ಪಡಿಸಿ, ಒತ್ತುಹಲ್ಲಿನ ಹಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆದು, ಪ್ರತಿ ಸಲವೂ ಬಿಳಿಯ ಬಟ್ಟೆಗೆ ಒರೆಸಿ ನೋಡಬೇಕು. ಬ್ರಿಟನ್ನಿನ ಆರೋಗ್ಯ ಇಲಾಖೆಯು ಇದನ್ನು 1, 5, 9 ಮತ್ತು 13ನೆಯ ದಿನ ಮಾಡಿ, 17ನೆಯ ದಿನ ಪರೀಕ್ಷಿಸಬೇಕೆಂದು ಹೇಳುತ್ತದೆ. ನಾಲ್ಕು ದಿನಕ್ಕೊಮ್ಮೆ ಬಾಚಿದರೆ ಸೀರಿನಿಂದ ಹೊಸದಾಗಿ ಹೊರಬಂದ ಮರಿಯು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ತಲೆಯಿಂದ ದೂರವಾಗುತ್ತದೆ; ಸಂತತಿ ಅಲ್ಲಿಗೆ ನಿಲ್ಲುತ್ತದೆ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ಮನೆಯೊಳಗೆಲ್ಲ ಔಷಧ ಸಿಂಪಡಿಸುವುದು ವ್ಯರ್ಥ. ಹೇನಿಗೆ ತಗಲುವುದಕ್ಕಿಂತ ಹೆಚ್ಚಾಗಿ ಅದು ಇರುವೆಗೂ ಜೇಡಕ್ಕೂ ತಗಲುತ್ತದೆ. ದಿಂಬಿನ ಗವಸು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿದರೆ ಸಾಕು.

ಹಣಿಗೆಯಿಂದಲೂ ಹೇನು ಸಾಯುವುದಿಲ್ಲವೇ ಎಂದರೆ, ಸಾಯುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇದರಲ್ಲಿ ಮಗುವಿಗೆ ವಿಷವಿಲ್ಲ, ಅನ್ಯ ಜೀವಗಳಿಗೆ ಘಾತವಿಲ್ಲ, ದ್ವೇಷಕ್ಕೆ ಆಸ್ಪದವಿಲ್ಲ. ವಾರಕ್ಕೊಮ್ಮೆ ನಿಯಮದಿಂದ ತಲೆ ನೋಡುವ ಮನೆಯಲ್ಲಿ ಹುಟ್ಟುವ ಜೀವಗಳೂ ಕಡಿಮೆ, ಸಾಯುವ ಜೀವಗಳೂ ಕಡಿಮೆ. ಕೂದಲು ಬಹಳ ದಟ್ಟವಾಗಿ ಬಾಚಣಿಕೆಗೆ ಒಗ್ಗದಿದ್ದರೆ, ನೆತ್ತಿ ಹುಣ್ಣಾಗಿದ್ದರೆ, ವೈದ್ಯರ ಬಳಿಗೆ ಹೋಗಿ ಅವರು ಹೇಳಿದ ಔಷಧವನ್ನು ಹೇಳಿದಷ್ಟೇ ಬಳಸುವುದರಲ್ಲಿ ಅಧರ್ಮವೇನೂ ಇಲ್ಲ.

ತರಗತಿಯಲ್ಲಿ ನಡೆಯುವ ಹಿಂಸೆ

ಮೂರನೆಯ ಗುಂಪಿನವರ ತಪ್ಪು ಎಲ್ಲಕ್ಕಿಂತ ಆಳವಾದುದು. ಅದರಲ್ಲಿ ಹಿಂಸೆಗೆ ಒಳಗಾಗುವುದು ಪಂಚೇಂದ್ರಿಯ ಜೀವಿಯಾದ ಮನುಷ್ಯಶಿಶು. ತಲೆಯಲ್ಲಿ ಹೇನಿದೆಯೆಂದು ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಎದುರು ಹೆಸರು ಕರೆಯುವುದು, ಬೇರೆ ಕೂರಿಸುವುದು, ಮನೆಗೆ ಕಳುಹಿಸುವುದು, ಹೆಣ್ಣುಮಗುವಿನ ತಲೆಯನ್ನು ಒಪ್ಪಿಗೆಯಿಲ್ಲದೆ ಬೋಳಿಸುವುದು, ಇವೆಲ್ಲ ಶಿಸ್ತಿನ ಹೆಸರಿನಲ್ಲಿ ನಡೆಯುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆಯೆಂಬುದನ್ನು ಶಾಲೆಯವರಿಗೆ ನೆನಪಿಸಬೇಕಾದ ಪೋಷಕರೇ ಅನೇಕ ವೇಳೆ ಇಂತಹ ಕ್ರಮಕ್ಕೆ ಒತ್ತಾಯಿಸುತ್ತಾರೆ.

ಈ ಕ್ರಮಗಳಿಂದ ಉಪಯೋಗವಾದರೂ ಇದೆಯೇ ಎಂದರೆ ಅದೂ ಇಲ್ಲ. ಹೇನಿಗೆ ರೆಕ್ಕೆಯಿಲ್ಲ, ಅದು ಹಾರದು, ನೆಗೆಯದು. ತಲೆಗೆ ತಲೆ ತಾಗಿದಾಗ ತೆವಳಿ ದಾಟುತ್ತದೆ. ಮೊದಲ ಬಾರಿ ಹೇನು ಹತ್ತಿದ ಮಗುವಿಗೆ ತುರಿಕೆ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರಗಳೂ ಹಿಡಿಯಬಹುದು. ಶಿಕ್ಷಕರ ಕಣ್ಣಿಗೆ ಬೀಳುವ ಹೊತ್ತಿಗೆ ಆ ಮಗು ಒಂದು ತಿಂಗಳಿನಿಂದ ಗೆಳತಿಯರೊಡನೆ ಆಡಿದೆ. ಅಂದು ಮಧ್ಯಾಹ್ನ ಮನೆಗೆ ಅಟ್ಟಿದರೆ ಯಾರಿಗೂ ರಕ್ಷಣೆ ದೊರೆಯದು, ಮಗುವಿಗೆ ಅವಮಾನ ಮಾತ್ರ ದೊರೆಯುತ್ತದೆ. ಆದುದರಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಹೇನಿನ ಕಾರಣಕ್ಕೆ ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದೆಂದು ಹೇಳುತ್ತ ಬಂದಿದೆ. 2022ರ ವರದಿಯಲ್ಲಿಯೂ ಅದನ್ನೇ ಪುನರುಚ್ಚರಿಸಿದೆ. ಟೈಫಸ್ ಮೊದಲಾದ ರೋಗಗಳನ್ನು ತರುವುದು ಬಟ್ಟೆಯಲ್ಲಿರುವ ಮೈಹೇನು. ತಲೆಯ ಹೇನು ಅಂತಹ ರೋಗಗಳನ್ನು ಹರಡುವುದಾಗಿ ಕಂಡುಬಂದಿಲ್ಲ.

ಹೇನು ಕೊಳಕಿನ ಗುರುತೂ ಅಲ್ಲ, ಕುಲದ ಗುರುತೂ ಅಲ್ಲ. ದಿನವೂ ತಲೆಗೆ ಸ್ನಾನ ಮಾಡಿದ ಕೂದಲಿನಲ್ಲಿಯೂ ಅದು ಅಷ್ಟೇ ಸುಖವಾಗಿರುತ್ತದೆ. ಕಾಡಂಚಿನ ಆಶ್ರಮಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗುವ ಸೋಲಿಗರ, ಜೇನುಕುರುಬರ ಮಕ್ಕಳಿಗೆ ಹೇನು ಹತ್ತಿದ್ದರೆ ಅದಕ್ಕೆ ಕಾರಣ ಒತ್ತಾಗಿ ಮಲಗಬೇಕಾದ ಇಕ್ಕಟ್ಟು, ತಲೆ ನೋಡಲು ತಾಯಿ ಹತ್ತಿರವಿಲ್ಲದಿರುವುದು. ತಾಯಿಯಿಂದ ದೂರವಿರುವ ಮಗುವಿಗೆ ಮತ್ತೊಂದು ಕಳಂಕವನ್ನು ಹಚ್ಚುವುದು ಎಂತಹ ದಯೆ? ಕೃತ, ಕಾರಿತ, ಅನುಮೋದನೆ ಎಂದು ಪಾಪಕ್ಕೆ ಮೂರು ದ್ವಾರಗಳನ್ನು ಶಾಸ್ತ್ರ ಹೇಳುತ್ತದೆ. ಮಗುವನ್ನು ಅವಮಾನಿಸಿದವರು ಮಾಡಿದವರು. ಒತ್ತಾಯಿಸಿದ ಪೋಷಕರು ಮಾಡಿಸಿದವರು. ತಮ್ಮ ಮಗು ಉಳಿಯಿತಲ್ಲಾ ಎಂದು ಸಮ್ಮತಿಯಿಂದ ಸುಮ್ಮನಿದ್ದವರು ಅನುಮೋದಿಸಿದವರು. ಸಂಜೆ ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಯಿಂದ ಹಗಲಿನಲ್ಲಿ ಇಂತಹ ಮಾತು ಹೊರಟರೆ ಆ ನಿಯಮಗಳಿಂದ ಬಂದ ಫಲವೇನು?

ಆಗಬೇಕಾದ ಕಾರ್ಯ

ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನ ಕೀರ್ತಿಯನ್ನು ಹೇಳುವಾಗ, ಅವನು ಗೆದ್ದ ಯುದ್ಧಗಳನ್ನು ಮಾತ್ರ ಹೇಳಿ ನಿಲ್ಲುವುದಿಲ್ಲ. ಬಂಡವಾಳ ಕಳೆದುಕೊಂಡ ವರ್ತಕರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೆ, ಅಧಿಕಾರ ಕಳೆದುಕೊಂಡ ಕಿರಾತ ನಾಯಕರಿಗೆ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಪೊರೆದನೆಂದು ಹೊಗಳುತ್ತದೆ. ಬಸದಿ ಕಟ್ಟಿಸಿದ ದಂಡನಾಯಕನ ದಯೆ ಬಸದಿಯ ಬಾಗಿಲಲ್ಲಿ ನಿಲ್ಲಲಿಲ್ಲ. ಕಾಡಿನ ಜನರವರೆಗೂ ಹೋಯಿತು. ಆ ಶಾಸನವಿರುವ ಊರಿನ ಶ್ರಾವಕರಿಗೆ ಬೇರೆ ಮೇಲ್ಪಂಕ್ತಿ ಬೇಕಾಗಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ದಶಲಕ್ಷಣ ಪರ್ವದಲ್ಲಿ ಶಾಲುಗಳಿಗೂ ಹಾರಗಳಿಗೂ ವ್ಯಯವಾಗುವ ಹಣದ ಒಂದಂಶದಿಂದ ಎರಡೂ ತಾಲ್ಲೂಕುಗಳ ವಿದ್ಯಾರ್ಥಿನಿಲಯಗಳ ಪ್ರತಿ ಮಗುವಿಗೂ ಒಂದೊಂದು ಒತ್ತುಹಲ್ಲಿನ ಲೋಹದ ಹಣಿಗೆಯನ್ನು ಕೊಡಲು ಸಾಧ್ಯವಿದೆ. ಶಾಲೆ ತೆರೆಯುವ ಮೊದಲ ವಾರದಲ್ಲಿಯೂ ದಸರೆಯ ರಜೆ ಮುಗಿದ ವಾರದಲ್ಲಿಯೂ ಎಲ್ಲ ಮಕ್ಕಳ ತಲೆಯನ್ನು ಒಂದೇ ದಿನ ಬಾಚುವ ಏರ್ಪಾಡಾಗಬೇಕು. ಒಬ್ಬಳನ್ನು ಮಾತ್ರ ಬಾಚಿದರೆ ಪಕ್ಕದ ಚಾಪೆಯಿಂದ ಹೇನು ಮರಳಿ ಬರುತ್ತದೆ. ಎಲ್ಲರನ್ನೂ ಬಾಚಿದರೆ ಯಾರ ಹೆಸರನ್ನೂ ಕರೆಯಬೇಕಾಗಿಲ್ಲ, ಯಾರೂ ತಲೆತಗ್ಗಿಸಬೇಕಾಗಿಲ್ಲ. ಸಮಾಜದ ಮಹಿಳಾ ಮಂಡಲಿಯವರು ವಾರ್ಡನ್ನರ ಒಪ್ಪಿಗೆ ಪಡೆದು, ತಾಯಂದಿರ ಸ್ಥಾನದಲ್ಲಿ ಕುಳಿತು ಆ ಮಕ್ಕಳ ಜಡೆ ಬಿಚ್ಚಿ ಬಾಚಿ ಹೆಣೆಯುವುದಾದರೆ, ಔಷಧದಾನವೂ ಅಭಯದಾನವೂ ಒಟ್ಟಿಗೆ ಆದಂತಾಗುತ್ತದೆ.

ಅದಕ್ಕೆ ಮೊದಲು ಪ್ರತಿ ಮನೆಯಲ್ಲಿಯೂ ಆಗಬೇಕಾದ ಕೆಲಸವಿದೆ. ಮಗಳ ತಲೆಯಲ್ಲಿ ಹೇನು ಕಂಡ ದಿನ ಯಾರಿಂದ ಬಂತೆಂದು ಕೇಳದೆ, ನಾಚಿಕೆಪಡದೆ, ಬೈಯದೆ, ಬೆಳಕಿರುವ ಕಡೆ ಅವಳನ್ನು ಕೂರಿಸಿಕೊಂಡು ಹಣಿಗೆ ಹಿಡಿಯಬೇಕು. ಅವಳ ಗೆಳತಿಯ ಮನೆಗೂ ಸೌಜನ್ಯದಿಂದ ತಿಳಿಸಬೇಕು. ಆದ ಜೀವಘಾತಕ್ಕೆ ಸಂಜೆಯ ಸಾಮಾಯಿಕದಲ್ಲಿ ಕ್ಷಮೆ ಯಾಚಿಸಬೇಕು. ನಾಲ್ಕು ದಿನ ಕಳೆದ ಮೇಲೆ ಮತ್ತೆ ಬಾಚಬೇಕು.